ಮಾರ್ಕರ್ ಎಂದರೆ ಬರೀ ಪೆನ್ನಲ್ಲ

ಹಾಸನದಲ್ಲಿ ನಾವು ಐದಾರು ಜನ ಸೇರಿ ಓದುವ ರೂಮಿನಲ್ಲಿ ಮಾರ್ಕರ್ ಎಂದರೆ ಒಂದೇ: ಯಾರೋ ಮುಚ್ಚಳ ಹಾಕದೆ ಒಣಗಿಸಿಟ್ಟ ಬೋರ್ಡ್ ಪೆನ್ನು. ಇಂಗ್ಲಿಷ್ ಗದ್ಯಭಾಗವೊಂದರಲ್ಲಿ ‘ಬೌಂಡರಿ ಮಾರ್ಕರ್’ ಬಂದಾಗ ಗೆಳೆಯನೊಬ್ಬ ‘ಗಡಿ ಗೆರೆ ಎಳೆಯುವ ಪೆನ್ನು’ ಎಂದು ಅರ್ಥ ಬರೆದ. ನಕ್ಕೆವು. ಸರಿಯಾದದ್ದು ಏನೆಂದು ಕೇಳಿದರೆ ನಕ್ಕವರಿಗೂ ಬಾಯಿ ಬರಲಿಲ್ಲ.

ಅದು ನಮ್ಮ ಬಾಂದುಕಲ್ಲು. ಜಮೀನು ಅಳತೆ ಮಾಡಿಸಿದ ಮನೆಯವರಿಗೆಲ್ಲ ಗೊತ್ತಿರುವ ಪದ. ಮಜಾ ಏನೆಂದರೆ, ಮಾರ್ಕ್ ಪದದ ಹಳೆಯ ಇಂಗ್ಲಿಷ್ ರೂಪಕ್ಕೆ ‘ಗಡಿ’ ಎಂಬ ಅರ್ಥವೂ ಇತ್ತು. ಅಂದರೆ ಕಲ್ಲು ಹಳೆಯದು, ಪೆನ್ನು ನಿನ್ನೆ ಮೊನ್ನೆಯದು. ಮಾರ್ಕ್‌ಗೆ ‘ಅರ್’ ಸೇರಿದರೆ ಗುರುತು ಮಾಡುವವರೂ ಆಗಬಹುದು, ಗುರುತು ಮಾಡುವ ವಸ್ತುವೂ ಆಗಬಹುದು.

ಹಾಗಂತ ನಿಂತ ಕಲ್ಲಿಗೆಲ್ಲ ಒಂದೇ ಹೆಸರು ಅಂಟಿಸಬೇಡಿ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸಲ್ಲೇಖನದಿಂದ, ಅಂದರೆ ಜೈನರ ಉಪವಾಸ ವ್ರತದಿಂದ, ದೇಹ ಬಿಟ್ಟವರ ನೆನಪಿನ ನಿಸಿದಿ ಶಾಸನಗಳಿವೆ. ಅವನ್ನು ‘ಗ್ರೇವ್ ಮಾರ್ಕರ್’ ಎಂದರೆ ಸಮಾಧಿಯ ಮೇಲಿನ ಕಲ್ಲು ಎಂದಾಗಿಬಿಡುತ್ತದೆ. ‘ಮೆಮೋರಿಯಲ್ ಮಾರ್ಕರ್’ ಎನ್ನುವುದು ವಾಸಿ.

ನಾವು ಹೆಚ್ಚು ಎಡವುವುದು ವ್ಯಾಕರಣದಲ್ಲಿ. ‘ಕೇಸ್ ಮಾರ್ಕರ್’ ಎಂದರೆ ವಿಭಕ್ತಿ ಪ್ರತ್ಯಯ. ‘ಹಸುವನ್ನು ಹುಲಿ ಹಿಡಿಯಿತು’ ಎಂದರೂ ‘ಹುಲಿ ಹಸುವನ್ನು ಹಿಡಿಯಿತು’ ಎಂದರೂ ಸತ್ತದ್ದು ಹಸುವೇ, ಏಕೆಂದರೆ ‘ಅನ್ನು’ ಅದರ ಬೆನ್ನಿಗೇ ಅಂಟಿದೆ. ಇಂಗ್ಲಿಷಿನಲ್ಲಿ ಹಸು, ಹುಲಿಗಳ ಜಾಗ ಅದಲುಬದಲಾದರೆ ಹಸುವೇ ಹುಲಿಯನ್ನು ಹಿಡಿದುಬಿಡುತ್ತದೆ! ಅಲ್ಲಿ ನಾಮಪದಕ್ಕೆ ಆ ಪ್ರತ್ಯಯ ಇಲ್ಲ, ಪದ ಕೂತ ಜಾಗವೇ ಕೆಲಸ ಮಾಡುತ್ತದೆ. ಇನ್ನೊಂದು ಗಮನಿಸಿ: ‘ಕಾಫಿ ಕುಡಿದೆ’ ಎನ್ನುತ್ತೇವೆ, ‘ಅನ್ನು’ ಬೇಕಿಲ್ಲ. ‘ಹುಡುಗ ಕರೆದೆ’ ಎನ್ನುವುದಿಲ್ಲ, ‘ಹುಡುಗನನ್ನು’ ಆಗಲೇಬೇಕು. ಕರ್ಮ ಮನುಷ್ಯನಾದರೆ ಕನ್ನಡ ಈ ಮಾರ್ಕರನ್ನು ಸುಲಭಕ್ಕೆ ಬಿಡುವುದಿಲ್ಲ. ಇನ್ನು ‘ಅಂದಹಾಗೆ’, ‘ಅಂದರೆ’, ‘ಅದಿರಲಿ’ ಇವು ಡಿಸ್ಕೋರ್ಸ್ ಮಾರ್ಕರ್‌ಗಳು, ಮಾತು ಎತ್ತ ಹೊರಳುತ್ತಿದೆ ಎಂದು ತೋರಿಸುವಂಥವು.

ಮನುಷ್ಯರೂ ಮಾರ್ಕರ್ ಆಗುತ್ತಾರೆ. ಬ್ರಿಟನ್ನಿನಲ್ಲಿ ಉತ್ತರಪತ್ರಿಕೆ ತಿದ್ದುವವರು, ಬಿಲಿಯರ್ಡ್ಸ್ ಮೇಜಿನ ಬಳಿ ಪಾಯಿಂಟ್ ಎಣಿಸುವವರು, ಫುಟ್‌ಬಾಲಿನಲ್ಲಿ ಎದುರಾಳಿಯ ಬೆನ್ನು ಬಿಡದೆ ಕಾಯುವವರು.

ವಿಜ್ಞಾನದ ಗದ್ಯದಲ್ಲಿ ಸ್ವಲ್ಪ ಹುಷಾರು. ರಕ್ತಪರೀಕ್ಷೆಯಲ್ಲಿ ನೋಡುವ ಎಚ್‌ಬಿಎ1ಸಿ ಹಿಂದಿನ 2–3 ತಿಂಗಳ ರಕ್ತದ ಸಕ್ಕರೆಯ ಮಟ್ಟ ತಿಳಿಸುವ ಮಾರ್ಕರ್, 6.5% ಅಥವಾ ಹೆಚ್ಚಿದ್ದರೆ ಮಧುಮೇಹದ ಲೆಕ್ಕ. ಅದು ಕಾಯಿಲೆಗೆ ಕಾರಣವಲ್ಲ, ಸೂಚಕ ಅಷ್ಟೇ. ಪಿಎಸ್‌ಎ ಎಂಬ ಟ್ಯೂಮರ್ ಮಾರ್ಕರ್ ಪ್ರಾಸ್ಟೇಟ್ ಗ್ರಂಥಿ ಊದಿಕೊಂಡರೂ, ಸೋಂಕಾದರೂ ಏರುತ್ತದೆ. ಏರಿತೆಂದ ಮಾತ್ರಕ್ಕೆ ಕ್ಯಾನ್ಸರ್ ಅಲ್ಲ. ‘ಗುರುತು’ ಎಂದು ಬರೆದರೆ ಇಲ್ಲಿ ಸಪ್ಪೆ, ‘ಸೂಚಕ’ ಸರಿಹೋಗುತ್ತದೆ.

ಕೊನೆಗೆ ಪೆನ್ನಿಗೇ ಬಂದೆ. ವೈಟ್‌ಬೋರ್ಡ್ ಮಾರ್ಕರಿನ ಶಾಯಿ ಬೋರ್ಡಿಗೆ ಗಟ್ಟಿಯಾಗಿ ಕಚ್ಚಿಕೊಳ್ಳದಂತೆ ಮಾಡಿರುತ್ತಾರೆ, ಪರ್ಮನೆಂಟ್ ಮಾರ್ಕರಿನದು ಕಚ್ಚಿ ಕೂರುತ್ತದೆ. ನಮ್ಮ ಬೋರ್ಡಿನ ಮೇಲೆ ಯಾರೋ ಪರ್ಮನೆಂಟ್‌ನಲ್ಲಿ ವಿಭಕ್ತಿ ಪಟ್ಟಿ ಬರೆದಿದ್ದರು. ಅದರ ಮೇಲೆಯೇ ವೈಟ್‌ಬೋರ್ಡ್ ಮಾರ್ಕರಿನಿಂದ ಗೀಚಿ, ಹಸಿ ಇರುವಾಗಲೇ ಒರೆಸಿದೆವು. ಷಷ್ಠಿ ವಿಭಕ್ತಿಯವರೆಗೆ ಹೋಯಿತು. ಅಷ್ಟರಲ್ಲಿ ಪೆನ್ನು ಒಣಗಿತು.