ಡೋಪಮೈನ್ ಅಂದರೆ ಖುಷಿ ಅಲ್ಲ

ಪೋಸ್ಟಿಗೆ ಲೈಕ್ ಬಿದ್ದರೆ ಡೋಪಮೈನ್. ಹೊಸ ಚಪ್ಪಲಿ ಕೊಂಡರೆ ಡೋಪಮೈನ್. ಕಿಟಕಿ ಪಕ್ಕ ಕೂತು ಸುಮ್ನೆ ಮಳೆ ನೋಡಿದರೂ ಡೋಪಮೈನ್! ಮೊನ್ನೆ ಯಾರೋ ತಮ್ಮ ಬೆಕ್ಕಿನ ಫೋಟೋ ಹಾಕಿ 'ಇವತ್ತಿನ ಡೋಪಮೈನ್ ಡೋಸ್' ಎಂದು ಬರೆದಿದ್ದರು. ಬೆಕ್ಕು ಚೆನ್ನಾಗಿತ್ತು. ಪದ ಮಾತ್ರ ತಪ್ಪು. ಡೋಪಮೈನ್ ಅಂದರೆ ಮಿದುಳಿನಲ್ಲಿ ನರಕೋಶಗಳ ನಡುವೆ ಸಂದೇಶ ಒಯ್ಯುವ ಒಂದು ರಾಸಾಯನಿಕ. ಅದನ್ನು ಈಗ ಖುಷಿಗೇ ಇನ್ನೊಂದು ಹೆಸರು ಮಾಡಿಕೊಂಡಿದ್ದಾರೆ.

ಮೊದಲು ಹೆಸರಿನ ಗೊಂದಲ ಬಿಡಿಸೋಣ. ನಶೆಯ ಪದಾರ್ಥಕ್ಕೆ ಹೇಳುವ 'ಡೋಪ್'ಗೂ ಇದಕ್ಕೂ ಯಾವ ನಂಟೂ ಇಲ್ಲ. ಡೋಪ್ ಡಚ್ ಮಾತಿನಿಂದ ಬಂದದ್ದು. ಅಲ್ಲಿ ಅದಕ್ಕೆ ಅದ್ದಿಕೊಂಡು ತಿನ್ನುವ ಗಟ್ಟಿ ರಸ ಎಂಬ ಅರ್ಥ. ಡೋಪಮೈನ್‌ನ 'ಡೋಪ' ಬೇರೆಯೇ. ಡೈಆಕ್ಸಿಫಿನೈಲ್‌ಅಲನೈನ್ ಎಂಬ ಅಮೈನೋ ಆಮ್ಲದ ಜರ್ಮನ್ ಹೆಸರನ್ನು ಕತ್ತರಿಸಿ ಮಾಡಿದ ಗಿಡ್ಡ ಹೆಸರು ಅದು. ಕೊನೆಯ 'ಅಮೈನ್' ರಾಸಾಯನಿಕ ಗುಂಪಿನ ಹೆಸರು. ಈ ವಸ್ತುವನ್ನು 1910ರಲ್ಲೇ ಲಂಡನ್ನಿನಲ್ಲಿ ತಯಾರಿಸಿದ್ದರು. ಬ್ರಿಟನ್ನಿನ ವಿಜ್ಞಾನಿ ಹೆನ್ರಿ ಡೇಲ್ ಈ ಹೆಸರು ಸೂಚಿಸಿದ್ದು 1952ರಲ್ಲಿ. ಆಗ ಇದಕ್ಕೆ ಮಿದುಳಿನಲ್ಲಿ ಸ್ವಂತ ಕೆಲಸ ಇದೆ ಎಂದೇ ಯಾರಿಗೂ ಗೊತ್ತಿರಲಿಲ್ಲ. ಅದನ್ನು ಕೆಲವು ವರ್ಷಗಳ ನಂತರ ತೋರಿಸಿಕೊಟ್ಟವರು ಸ್ವೀಡನ್ನಿನ ಅರ್ವಿಡ್ ಕಾರ್ಲ್ಸನ್. ಅವರಿಗೆ 2000ದಲ್ಲಿ ನೊಬೆಲ್ ಬಂತು. ಒಟ್ಟಿನಲ್ಲಿ ಹೆಸರಿನೊಳಗೆ ನಶೆಯೂ ಇಲ್ಲ, ಖುಷಿಯೂ ಇಲ್ಲ.

'ಡೋಸ್' ಅನ್ನುವವರಿಗೆ ಇನ್ನೊಂದು ಮಾತು. ಡೋಪಮೈನ್ ಡೋಸ್ ನಿಜವಾಗಿಯೂ ಇದೆ. ರಕ್ತದೊತ್ತಡ ತೀರಾ ಕುಸಿದ ರೋಗಿಗೆ ಐಸಿಯುನಲ್ಲಿ ಡ್ರಿಪ್ ಮೂಲಕ ಕೊಡುತ್ತಾರೆ. ಅದರಿಂದ ಯಾರೂ ನಗುತ್ತಾ ಎದ್ದು ಕೂರುವುದಿಲ್ಲ. ರಕ್ತಕ್ಕೆ ಸೇರಿದ ಡೋಪಮೈನ್ ಮಿದುಳಿನ ಬೇಲಿ ದಾಟುವುದಿಲ್ಲ, ಅಷ್ಟೇ.

ಖುಷಿಯ ಪಟ್ಟ ಇದಕ್ಕೆ ಹೇಗೆ ಸಿಕ್ಕಿತು? 1954ರಲ್ಲಿ ಜೇಮ್ಸ್ ಓಲ್ಡ್ಸ್ ಮತ್ತು ಪೀಟರ್ ಮಿಲ್ನರ್ ಇಲಿಗಳ ಮಿದುಳಿಗೆ ತಂತಿ ಇಟ್ಟರು. ಇಲಿ ಸನ್ನೆಕೋಲು ಒತ್ತಿದರೆ ಸಣ್ಣದಾಗಿ ಕರೆಂಟ್ ಹರಿಯುತ್ತಿತ್ತು. ಇಲಿಗಳು ಒತ್ತಿದವು, ಒತ್ತುತ್ತಲೇ ಇದ್ದವು. ಅಷ್ಟು ಒತ್ತಬೇಕಾದರೆ ಸುಖ ಸಿಗುತ್ತಿರಲೇಬೇಕು ಎಂದು ಎಲ್ಲರೂ ಅಂದುಕೊಂಡರು. ಮುಂದೆ ಆ ಸುಖವನ್ನು ಡೋಪಮೈನ್ ಹೆಸರಿಗೆ ಬರೆದರು.

ಇದನ್ನು ಕೆಡವಿದವರು ಮಿಶಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಡ್ಜ್. ಡೋಪಮೈನ್ ಹೆಚ್ಚುಕಮ್ಮಿ ಪೂರ್ತಿ ಇಲ್ಲವಾದ ಇಲಿಗಳು ಮುಂದೆ ಇಟ್ಟದ್ದನ್ನೂ ತಿನ್ನುತ್ತಿರಲಿಲ್ಲ. ಆದರೆ ಬಾಯಿಗೆ ಸಿಹಿನೀರು ಬಿಟ್ಟರೆ ಮೊದಲಿನ ಹಾಗೆಯೇ ತುಟಿ ನೆಕ್ಕಿಕೊಂಡವು. ರುಚಿ ಇತ್ತು. ಬೇಕು ಅನ್ನುವುದು ಹೋಗಿತ್ತು. ಡೋಪಮೈನ್ ಇರುವುದು ಈ 'ಬೇಕು'ವಿನ ಕಡೆಗೆ. ತಿರುವುಮುರುವು ಪುರಾವೆಯೂ ಇದೆ. ಡೋಪಮೈನ್ ಕಡಿಮೆಯಾಗಿ ಕೈಕಾಲಿನ ಚಲನೆ ಕಷ್ಟವಾಗುವ ಪಾರ್ಕಿನ್ಸನ್ ಕಾಯಿಲೆಗೆ ಡೋಪಮೈನ್ ತರಹವೇ ಕೆಲಸ ಮಾಡುವ ಔಷಧಿ ತೆಗೆದುಕೊಳ್ಳುವವರಲ್ಲಿ ಕೆಲವರಿಗೆ ಜೂಜಿನ ಚಟ ಹತ್ತುತ್ತದೆ, ಕೆಲವರಿಗೆ ಶಾಪಿಂಗ್ ಹುಚ್ಚು. ಅದನ್ನು ಸುಖ ಅನ್ನೋಕಾಗುತ್ತಾ?

ರುಚಿಯ, ಇಷ್ಟದ ಕಡೆಗೆ ಮಿದುಳು ತಾನೇ ತಯಾರಿಸುವ, ಅಫೀಮಿನ ತರಹ ಕೆಲಸ ಮಾಡುವ ಓಪಿಯಾಯ್ಡ್‌ಗಳ ಪಾಲು ಜಾಸ್ತಿ. (ದಯವಿಟ್ಟು ನಾಳೆಯಿಂದ ಬೆಕ್ಕಿನ ಫೋಟೋಗೆ 'ಓಪಿಯಾಯ್ಡ್ ಡೋಸ್' ಅನ್ನಬೇಡಿ.)

ಹಾಗಾದರೆ ಈ ಪದ ಸರಿಯಾಗಿ ಹೊಂದುವುದು ಎಲ್ಲಿ? ರಾತ್ರಿ ಒಂದು ಗಂಟೆಗೆ ರೀಲ್ಸ್ ತಳ್ಳುತ್ತಾ ಇರುತ್ತೀರಲ್ಲ, ಅಲ್ಲಿ. ಒಂದೂ ನೆನಪಿರುವುದಿಲ್ಲ, ನಗುವೂ ಬಂದಿರುವುದಿಲ್ಲ, ಬೆರಳು ಮಾತ್ರ ನಿಲ್ಲುವುದಿಲ್ಲ. ಆರ್ಡರ್ ಮಾಡಿದ ವಸ್ತು ಎಲ್ಲಿಗೆ ಬಂತು ಎಂದು ಆ್ಯಪ್ ತೆರೆದು ತೆರೆದು ನೋಡುವುದೂ ಇದೇ ಜಾತಿ. ಬಂದ ಡಬ್ಬಿ ಎರಡು ದಿನ ಮೂಲೆಯಲ್ಲಿ ಬಿದ್ದಿರುತ್ತದೆ, ಅಲ್ವಾ?

ಫೋನು, ತಿಂಡಿಯಂಥ ಖುಷಿಗಳನ್ನು ಸ್ವಲ್ಪ ಕಾಲ ಬಿಡುವುದಕ್ಕೆ ಹೇಳುವ 'ಡೋಪಮೈನ್ ಉಪವಾಸ' ಅಂತೂ ಅರ್ಥವಿಲ್ಲದ ಮಾತು. ಕೈ ಎತ್ತುವುದಕ್ಕೂ ಬೇಕಾದ ವಸ್ತುವನ್ನು ಉಪವಾಸ ಕೆಡವುವುದು ಹೇಗೆ? ಹಾಗೆಂದು ಇಷ್ಟದ ವಸ್ತುವಿಗೆ ಬಿಡುವು ಕೊಡುವುದು ವ್ಯರ್ಥ ಅಲ್ಲ. ಜೋರ್ಡಿ ಕ್ವಾಯ್ಡ್‌ಬಾಕ್ ಮತ್ತು ಎಲಿಜಬೆತ್ ಡನ್ ಎಂಬ ಮನಶ್ಶಾಸ್ತ್ರಜ್ಞರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವರು ಒಂದು ವಾರ ಚಾಕೊಲೇಟ್ ಬಿಟ್ಟರು, ಕೆಲವರು ಬೇಕಾದಷ್ಟು ತಿಂದರು. ವಾರ ಕಳೆದು ಎಲ್ಲರಿಗೂ ಚಾಕೊಲೇಟ್ ಕೊಟ್ಟಾಗ ಹೆಚ್ಚು ಸವಿದವರು ಬಿಟ್ಟವರೇ. ರೂಢಿಯಾಗಿ ಸಪ್ಪೆಯಾದದ್ದಕ್ಕೆ ರುಚಿ ಮರಳಿತ್ತು. ಹೀಗೆ ರೂಢಿಯಾಗಿ ಸುಖ ಸಪ್ಪೆಯಾಗುವುದಕ್ಕೆ ಮನಶ್ಶಾಸ್ತ್ರದಲ್ಲಿ 'ಹೆಡೋನಿಕ್ ಅಡಾಪ್ಟೇಷನ್' ಎಂಬ ಹೆಸರು ಇದ್ದೇ ಇದೆ. ಹೇಳಲು ನಾಲಿಗೆ ತೊಡರುತ್ತದೆ ಅನ್ನುವುದೇ ತೊಂದರೆ ಇರಬೇಕು. ಇಲ್ಲದಿದ್ದರೆ ಇದನ್ನೂ ತಂದು ಡೋಪಮೈನ್ ಕೊರಳಿಗೆ ಕಟ್ಟುತ್ತಿರಲಿಲ್ಲ.