‘ನ್ಯೂಫೌಂಡ್’: ಹೊಸತು ಯಾವುದು?

ಪ್ರಶ್ನೆ: ವಿಜ್ಞಾನದ ಸುದ್ದಿಗಳಲ್ಲಿ ‘ನ್ಯೂಫೌಂಡ್ ಪ್ಲಾನೆಟ್’ ಅಂತ ಬರೆಯುತ್ತಾರೆ. ಬರೀ ‘ನ್ಯೂ’ ಅಂದರೆ ಸಾಲದೆ? ಕೆಲವರು ‘ನ್ಯೂಫೌಂಡೆಡ್’ ಅಂತಲೂ ಬರೆಯುತ್ತಾರಲ್ಲ, ಅದು ಸರಿಯೇ?

ಉತ್ತರ: ಈರಿಸ್ ಎಂಬ ಕುಬ್ಜಗ್ರಹ ಪತ್ತೆಯಾದದ್ದು 2005ರ ಜನವರಿಯಲ್ಲಿ. ಸೂರ್ಯನಿಗೆ ಒಂದು ಸುತ್ತು ಬರಲು ಅದಕ್ಕೆ ಸುಮಾರು 558 ವರ್ಷ ಬೇಕು. ಅಂಥ ಅದೆಷ್ಟೋ ಸುತ್ತು ಮುಗಿಸಿರುವ ಮುದುಕನನ್ನು ‘ಹೊಸಬ’ ಅನ್ನಲು ಬಾಯಿ ಬರುತ್ತದೆಯೇ? ತಮಾಷೆಯೆಂದರೆ, ಅದು ಸೆರೆಸಿಕ್ಕ ಚಿತ್ರಗಳನ್ನು 2003ರ ಅಕ್ಟೋಬರಿನಲ್ಲೇ ತೆಗೆಯಲಾಗಿತ್ತು. ಚಿತ್ರದಲ್ಲಿತ್ತು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಣ್ಣಿಗೆ ಬಿದ್ದ ಗಳಿಗೆಯಿಂದ ಅದು ‘ನ್ಯೂಫೌಂಡ್’.

ಕೆನಡಾದ ನ್ಯೂಫೌಂಡ್‌ಲ್ಯಾಂಡ್ ದ್ವೀಪದ ಹೆಸರಿನಲ್ಲೂ ಇದೇ ಪದವಿದೆ. 1497ರಲ್ಲಿ ಇಂಗ್ಲೆಂಡಿನಿಂದ ಹೊರಟ ಜಾನ್ ಕ್ಯಾಬಟ್‌ನ ಯಾನದ ನಂತರ ಬಂದ ಹೆಸರದು. ಬಿಯೋಥುಕ್ ಎಂಬ ಮೂಲನಿವಾಸಿಗಳು ಅಲ್ಲಿ ಮೊದಲೇ ಬಾಳಿಕೊಂಡಿದ್ದರು. ಯಾರ ಪಾಲಿಗೆ ‘ಹೊಸತು’ ಎಂದು ಕೇಳಿಕೊಳ್ಳಬೇಕು.

ಇನ್ನು ‘ನ್ಯೂಫೌಂಡೆಡ್’ ತಪ್ಪು. ಇಲ್ಲಿರುವ ‘ಫೌಂಡ್’ ಬಂದದ್ದು ‘ಫೈಂಡ್’ನಿಂದ, ಅಂದರೆ ಕಂಡುಕೊಂಡ, ಸಿಕ್ಕಿದ. ಸಂಸ್ಥೆ ಕಟ್ಟುವ ‘ಫೌಂಡ್’ ಬೇರೆ, ಅದರ ರೂಪ ‘ಫೌಂಡೆಡ್’. ‘ನ್ಯೂಫೌಂಡೆಡ್ ಕಾನ್ಫಿಡೆನ್ಸ್’ ಅಂದರೆ ಆತ್ಮವಿಶ್ವಾಸಕ್ಕೆ ಯಾರೋ ಶಂಕುಸ್ಥಾಪನೆ ಮಾಡಿದ ಹಾಗಾಗುತ್ತದೆ.

ದಿನಬಳಕೆಯಲ್ಲಿ ಫ್ರೀಡಂ, ಫೇಮ್, ವೆಲ್ತ್, ಕಾನ್ಫಿಡೆನ್ಸ್ ಇಂಥವುಗಳ ಜೊತೆ ಈ ಪದ ಹೆಚ್ಚು ಕಾಣುತ್ತದೆ. ಮುಂಚೆ ಇರಲಿಲ್ಲ, ಈಗ ದಕ್ಕಿತು ಎಂಬ ಸೂಚನೆ ಅದರೊಳಗೇ ಇದೆ. ಹಾಗಾಗಿ ಹೊಗಳುವಾಗ ಸ್ವಲ್ಪ ಎಚ್ಚರ: ಸಹೋದ್ಯೋಗಿಯ ‘ನ್ಯೂಫೌಂಡ್ ಕಾನ್ಫಿಡೆನ್ಸ್’ ಮೆಚ್ಚಿದಿರೋ, ನಿನ್ನೆಯವರೆಗೆ ಆತ ಪುಕ್ಕಲನಾಗಿದ್ದ ಅಂದಹಾಗೆ. ಕಳೆದುಹೋಗಿ ಸಿಕ್ಕಿದ ಬೀಗದಕೈಗೆ ಇದನ್ನು ಬಳಸುವುದಿಲ್ಲ. ಪದ ನಾಮಪದಕ್ಕಿಂತ ಮೊದಲೇ ಕೂರಬೇಕು. ‘ಹಿಸ್ ಫ್ರೀಡಂ ಈಸ್ ನ್ಯೂಫೌಂಡ್’ ಕಿವಿಗೆ ಒಗ್ಗದು. ನಡುವೆ ಅಡ್ಡಗೆರೆ ಹಾಕುವುದು ಬ್ರಿಟಿಷ್ ರೂಢಿ, ಅಮೆರಿಕದವರು ಕೂಡಿಸಿ ಬರೆಯುತ್ತಾರೆ.

ಕನ್ನಡಕ್ಕೆ ತರುವಾಗ ಒಂದೇ ಪದಕ್ಕೆ ಜೋತುಬೀಳಬೇಡಿ. ‘ನವಶೋಧಿತ’ ಎಂದರೆ ಪಠ್ಯಪುಸ್ತಕದ ವಾಸನೆ. ಗ್ರಹವಾದರೆ ‘ಈಚೆಗೆ ಪತ್ತೆಯಾದ’, ಸ್ವಾತಂತ್ರ್ಯವಾದರೆ ‘ಹೊಸದಾಗಿ ದಕ್ಕಿದ’, ಧೈರ್ಯವಾದರೆ ‘ಈಗ ಬಂದ’. ‘ನ್ಯೂಫೌಂಡ್ ಲವ್ ಫಾರ್ ಕುಕಿಂಗ್’ ಬಂದರೆ ನಾನಂತೂ ‘ಈಚೆಗೆ ಹತ್ತಿದ ಅಡುಗೆ ಹುಚ್ಚು’ ಎಂದು ಬರೆದುಬಿಡುತ್ತೇನೆ.