ಉತ್ಕೇಂದ್ರತೆಯೂ ತಿಕ್ಕಲುತನವೂ

ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರನ್ನು ಅವರ ಮಗಳು ನನ್ನ ಬಳಿಗೆ ಕರೆತಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಮೇಷ್ಟ್ರು ಪ್ರಯಾಣ ಮಾಡಿದ ಪ್ರತಿ ಬಸ್ಸಿನ ಟಿಕೆಟ್ಟನ್ನೂ ದಿನಾಂಕದ ಪ್ರಕಾರ ನೋಟುಪುಸ್ತಕದಲ್ಲಿ ಅಂಟಿಸಿಡುತ್ತಾರೆ, ಮದುವೆಮನೆಗೂ ತಮ್ಮ ಬುತ್ತಿಯನ್ನೇ ಒಯ್ಯುತ್ತಾರೆ. "ಡಾಕ್ಟ್ರೇ, ಮಗನಿಗೆ ಸಂಬಂಧ ಗೊತ್ತಾಗಿದೆ. ಬೀಗರು ಅಪ್ಪನನ್ನು ತಿಕ್ಕಲು ಅಂದುಕೊಳ್ಳುತ್ತಾರೆ" ಎಂದರು ಮಗಳು. ಎಂದಿನಿಂದ ಹೀಗೆ ಎಂದು ಕೇಳಿದೆ. ತಾನು ಹುಟ್ಟುವ ಮೊದಲಿನಿಂದಲೂ ಹೀಗೆಯೇ ಎಂದು ಅಮ್ಮ ಹೇಳುತ್ತಿದ್ದರಂತೆ.

ಇಂಗ್ಲಿಷಿನಲ್ಲಿ ಇಂಥ ಸ್ವಭಾವಕ್ಕೂ ಗ್ರಹದ ಕಕ್ಷೆಯ ಒಂದು ಗುಣಕ್ಕೂ ಎಕ್ಸೆಂಟ್ರಿಸಿಟಿ ಎಂಬ ಒಂದೇ ಪದವಿದೆ. ಅದರ ಗ್ರೀಕ್ ಮೂಲಕ್ಕೆ ಕೇಂದ್ರದಿಂದ ಹೊರಗಿರುವುದು ಎಂದರ್ಥ. (ನಮ್ಮ 'ಕೇಂದ್ರ'ವೂ ಗ್ರೀಕಿನಿಂದಲೇ ಸಂಸ್ಕೃತಕ್ಕೆ ಬಂದ ಪದ.) ಕನ್ನಡದಲ್ಲಿ ನಾವು ಕಕ್ಷೆಯದನ್ನು ಉತ್ಕೇಂದ್ರತೆ ಎಂದೂ ಮನುಷ್ಯನದನ್ನು ತಿಕ್ಕಲುತನ ಎಂದೂ ಬೇರೆ ಮಾಡಿದ್ದೇವೆ. ಮೊದಲನೆಯದು ಅಳತೆ, ಎರಡನೆಯದು ತೀರ್ಪು. ನನ್ನ ವೃತ್ತಿಯಲ್ಲಿ ಬೇಕಾಗುವುದು ಅಳತೆ.

ಆ ಅಳತೆಯನ್ನು ಮೇಷ್ಟ್ರೇ ನನ್ನ ಮೇಜಿನ ಮೇಲೆ ತೋರಿಸಿದರು. ರಟ್ಟಿನ ಮೇಲೆ ಕಾಗದ ಹಾಸಿ, ಎರಡು ಗುಂಡುಪಿನ್ನು ಚುಚ್ಚಿ, ಸಡಿಲವಾದ ದಾರದ ಎರಡು ತುದಿಗಳನ್ನು ಅವಕ್ಕೆ ಕಟ್ಟಿ, ಪೆನ್ಸಿಲಿನಿಂದ ದಾರವನ್ನು ಬಿಗಿಹಿಡಿದು ಸುತ್ತಿಸಿದಾಗ ದೀರ್ಘವೃತ್ತ ಮೂಡಿತು. ಪಿನ್ನುಗಳ ನಡುವಿನ ಅಂತರವನ್ನು ದಾರದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಉತ್ಕೇಂದ್ರತೆ. ಪಿನ್ನುಗಳು ಒಂದೇ ಕಡೆ ಸೇರಿದರೆ ಅದು ಸೊನ್ನೆ, ಆಕೃತಿ ವೃತ್ತ. ಅವು ದೂರವಾದಷ್ಟೂ ಸಂಖ್ಯೆ ಒಂದರತ್ತ ಏರುತ್ತದೆ, ಆಕೃತಿ ಚಪ್ಪಟೆಯಾಗುತ್ತದೆ. ಭೂಮಿಯ ಕಕ್ಷೆಯದು ಸುಮಾರು 0.0167, ಅಂದರೆ ಜನವರಿ ಆರಂಭದಲ್ಲಿ ಸೂರ್ಯನಿಂದ 14.7 ಕೋಟಿ ಕಿಲೋಮೀಟರ್, ಜುಲೈ ಆರಂಭದಲ್ಲಿ 15.2 ಕೋಟಿ. ಬುಧನದು 0.206. ಹ್ಯಾಲಿ ಧೂಮಕೇತುವಿನದು 0.967, ಅದು ಶುಕ್ರನ ಕಕ್ಷೆಗಿಂತ ಒಳಗೆ ನುಗ್ಗಿ ನೆಪ್ಚೂನಿನ ಕಕ್ಷೆಯಾಚೆಗೆ ಹೋದರೂ ಸುಮಾರು 76 ವರ್ಷಕ್ಕೊಮ್ಮೆ ಮರಳುತ್ತದೆ, 1986ರಲ್ಲಿ ಬಂದದ್ದು 2061ರಲ್ಲಿ ಮತ್ತೆ ಬರುತ್ತದೆ. ಸಂಖ್ಯೆ ಒಂದನ್ನು ಮುಟ್ಟಿದರೆ ಮಾತ್ರ ಸಂಬಂಧ ಕಡಿಯುತ್ತದೆ: ಸೌರವ್ಯೂಹದ ಹೊರಗಿನಿಂದ ಬಂದು 2017ರಲ್ಲಿ ಕಂಡ ಔಮುವಾಮುವಾ ಎಂಬ ಕಾಯದ್ದು ಸುಮಾರು 1.2 ಇದ್ದುದರಿಂದ ಅದು ಸೂರ್ಯನನ್ನು ಒಮ್ಮೆ ಹಾದು ಹೊರಟೇಹೋಯಿತು.

ಗ್ರಹಗಳ ಓಟ ಒಂದೇ ಸಮನಿಲ್ಲವೆಂಬುದನ್ನು ಹಿಂದಿನವರೂ ಬಲ್ಲರು. ಪ್ರಾಚೀನ ಗ್ರೀಕ್ ಖಗೋಳಜ್ಞ ಟಾಲೆಮಿಯಂತೆ ಆರ್ಯಭಟನೂ ಭೂಮಿಯಿಂದ ಕೇಂದ್ರ ಸರಿದ ವೃತ್ತವನ್ನು ಲೆಕ್ಕಕ್ಕೆ ತಂದಿದ್ದ. ನಮ್ಮವರು ಅದನ್ನು ಪ್ರತಿಮಂಡಲ ಎಂದರು. ಜರ್ಮನ್ ಖಗೋಳಜ್ಞ ಕೆಪ್ಲರ್ ಮಂಗಳನಿಗೆ ಇಂಥದೇ ವೃತ್ತವನ್ನು ಹೊಂದಿಸಲು ವರ್ಷಗಟ್ಟಲೆ ಹೆಣಗಿದಾಗ ಟೈಕೋ ಬ್ರಾಹೆಯ ವೀಕ್ಷಣೆಗೂ ಲೆಕ್ಕಕ್ಕೂ ಎಂಟು ಕಲೆಗಳಷ್ಟು (ಒಂದು ಕಲೆ ಎಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ), ಅಂದರೆ ಹುಣ್ಣಿಮೆಯ ಚಂದ್ರನ ಅಗಲದ ಸುಮಾರು ಕಾಲು ಭಾಗದಷ್ಟು, ವ್ಯತ್ಯಾಸ ಉಳಿಯಿತು. ಮಂಗಳ ತಪ್ಪಿದ್ದಾನೆ ಎನ್ನದೆ ತನ್ನ ವೃತ್ತವೇ ತಪ್ಪು ಎಂದು ಆತ ಒಪ್ಪಿಕೊಂಡದ್ದರಿಂದ 1609ರಲ್ಲಿ ದೀರ್ಘವೃತ್ತ ಲೋಕದ ಮುಂದೆ ಬಂತು. ಮನುಷ್ಯರ ವಿಷಯದಲ್ಲಿ ಆ ಪ್ರಾಮಾಣಿಕತೆ ನಮಗೆ ಬಹಳ ಕಷ್ಟವೆಂದೇ ನನಗನ್ನಿಸುತ್ತದೆ.

ಇಂಗ್ಲೆಂಡಿನ ವಿಜ್ಞಾನಿ ಹೆನ್ರಿ ಕ್ಯಾವೆಂಡಿಶ್‌ನನ್ನು ನೋಡಿ. ಹೆಂಗಸರ ಮುಖ ನೋಡಲು ಅಂಜುತ್ತಿದ್ದ ಈತ ಅಡುಗೆಯವಳಿಗೆ ಊಟದ ವಿಚಾರವನ್ನು ಚೀಟಿಯಲ್ಲಿ ಬರೆದಿಡುತ್ತಿದ್ದನಂತೆ. ಬಟ್ಟೆ ಹಳೆಯ ಕಾಲದ್ದು, ಮಾತು ಅತಿ ಕಡಿಮೆ. ಆದರೂ ರಾಯಲ್ ಸೊಸೈಟಿಯ ಗೆಳೆಯರ ಊಟದ ಕೂಟಕ್ಕೆ ತಪ್ಪದೆ ಬರುತ್ತಿದ್ದ. ಅರವತ್ತು ದಾಟಿದ ಮೇಲೆ, 1798ರಲ್ಲಿ, ಸೀಸದ ಗುಂಡುಗಳ ನಡುವಿನ ಅತಿ ಕ್ಷೀಣ ಸೆಳೆತವನ್ನು ಅಳೆದು ಭೂಮಿಯ ಸಾಂದ್ರತೆ ನೀರಿನ ಸುಮಾರು ಐದೂವರೆ ಪಟ್ಟು ಎಂದು ತೋರಿಸಿದ. ಇವನ ಹಾದಿ ಬಹಳ ಚಪ್ಪಟೆಯಾಗಿತ್ತು, ಆದರೆ ಜೀವನವಿಡೀ ಅದೇ ಹಾದಿಯಾಗಿತ್ತು.

"ಊರಿಗೊಂದು ದಾರಿಯಾದರೆ ಪೋರನಿಗೊಂದು ದಾರಿ" ಎಂಬ ಗಾದೆಯಂತೆ ಬದುಕುವವರನ್ನು ಕಂಡಾಗ ಆ ದಾರಿ ಎಷ್ಟು ವಕ್ರ ಎನ್ನುವುದಕ್ಕಿಂತ ಅದು ಎಂದಾದರೂ ಬದಲಾಯಿತೇ ಎಂಬುದನ್ನೇ ನಾನು ಮೊದಲು ವಿಚಾರಿಸುತ್ತೇನೆ. ಬದುಕಿಗೆ ತೊಡಕಾಗದ, ಯಾರಿಗೂ ಹಾನಿ ತಾರದ, ಎಳವೆಯಿಂದಲೂ ಇರುವ ವಿಲಕ್ಷಣತೆ ಕಾಯಿಲೆಯಲ್ಲ. ಮೇಷ್ಟ್ರಿಗೆ ನಾನು ಮಾತ್ರೆ ಬರೆಯಲಿಲ್ಲ. ಬುತ್ತಿಯ ವಿಷಯವನ್ನು ಬೀಗರಿಗೆ ಮೊದಲೇ ತಿಳಿಸಿಬಿಡಿ ಎಂದು ಮಗಳಿಗೆ ಹೇಳಿ ಕಳುಹಿಸಿದೆ.

ಅದೇ ತಿಂಗಳು ಬಂದ ಇನ್ನೊಬ್ಬರ ಸ್ಥಿತಿ ಬೇರೆಯಾಗಿತ್ತು. ಐವತ್ತಾರು ವರ್ಷದ, ಅತ್ಯಂತ ಸಂಕೋಚದ ಮನುಷ್ಯ. ಒಂದು ವರ್ಷದಿಂದ ಪಕ್ಕದವರ ಎಲೆಯ ಸಿಹಿಗೆ ಕೈಹಾಕುತ್ತಿದ್ದರು, ಸಾವಿನ ಮನೆಯಲ್ಲಿ ಗಟ್ಟಿಯಾಗಿ ನಗುತ್ತಿದ್ದರು. ನೆನಪು ಚೆನ್ನಾಗಿಯೇ ಇದ್ದುದರಿಂದ ಮನೆಯವರು ವಯಸ್ಸಿನ ತಿಕ್ಕಲು ಎಂದುಕೊಂಡು ಸುಮ್ಮನಿದ್ದರು. ಮಿದುಳಿನ ಸ್ಕ್ಯಾನಿನಲ್ಲಿ ಮುಂಭಾಗ ಸವೆದಿರುವುದು ಕಂಡಿತು. ಹೆಚ್ಚಾಗಿ 45ರಿಂದ 65ರ ನಡುವೆ ಶುರುವಾಗುವ ಈ ಬಗೆಯ ಡಿಮೆನ್ಷಿಯಾದಲ್ಲಿ ಮರೆವಿಗಿಂತ ಮೊದಲು ನಡತೆ ಕೆಡುವುದುಂಟು. ಅದನ್ನು ನಿಲ್ಲಿಸುವ ಔಷಧ ಇಂದಿಗೂ ಇಲ್ಲ. ಆದರೆ ಕಾಯಿಲೆಯೆಂದು ತಿಳಿದ ದಿನದಿಂದ ಹೆಂಡತಿ ಅವರನ್ನು ಬೈಯುವುದನ್ನು ಬಿಟ್ಟರು, ಹಣಕಾಸಿನ ವ್ಯವಹಾರವನ್ನು ಮಗ ವಹಿಸಿಕೊಂಡ.

ಆದ್ದರಿಂದ ಮನೆಯ ಹಿರಿಯರನ್ನು ವೈದ್ಯರ ಬಳಿಗೆ ಕರೆತರುವಾಗ ಅವರ ವಿಚಿತ್ರಗಳ ಪಟ್ಟಿಯ ಜೊತೆಗೆ ಒಂದೊಂದೂ ಯಾವ ವರ್ಷ, ಯಾವ ತಿಂಗಳಿನಿಂದ ಕಾಣಿಸಿತು ಎಂಬುದನ್ನೂ, ಅದಕ್ಕೆ ಮೊದಲು ಅವರು ಹೇಗಿದ್ದರೆಂಬುದನ್ನೂ ಬರೆದು ತನ್ನಿ. ಹಳೆಯ ಗೆಳೆಯರೊಬ್ಬರು ಜೊತೆಗೆ ಬಂದರೆ ಇನ್ನೂ ಒಳ್ಳೆಯದು.